ಎಚ್ಚರದಲ್ಲೇ ನಡೆಯುವ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ: ಭಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಣ್ಣಿನ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡಿದ ವರ್ಷಗಳಲ್ಲಿ, ಪೊರೆ ತೆಗೆಸಿಕೊಳ್ಳಲು ಬಂದವರು ಹಿಂದಿನ ದಿನ ಸಂಜೆ ನನ್ನನ್ನು ಕೇಳಿದ ಪ್ರಶ್ನೆಗಳೇ ಇಲ್ಲಿವೆ. ಹೆಚ್ಚಿನವರು ಮೊದಲು ಊಟದ ಬಗ್ಗೆಯೋ ಬಿಲ್ಲಿನ ಬಗ್ಗೆಯೋ ಕೇಳಿ, ಮನೆಯವರು ಆಚೆ ಹೋದ ಮೇಲೆ ದನಿ ತಗ್ಗಿಸಿ ನಿಜವಾದ ಪ್ರಶ್ನೆಗೆ ಬರುತ್ತಿದ್ದರು. ಒಳಗೆ ಏನೇನು ಕಾಣುತ್ತದೆ, ಏನು ಕೇಳಿಸುತ್ತದೆ, ಯಾವುದರ ನಂತರ ಯಾವುದು ಎಂಬುದು ಮೊದಲೇ ಗೊತ್ತಿದ್ದವರು ಮೇಜಿನ ಮೇಲೆ ಹೆಚ್ಚು ನೆಮ್ಮದಿಯಿಂದ ಮಲಗಿದ್ದನ್ನು ನಾನು ನೋಡಿದ್ದೇನೆ. ಆದ್ದರಿಂದ ಇಲ್ಲಿ ಧೈರ್ಯದ ಮಾತಿಗಿಂತ ವಿವರಗಳೇ ಹೆಚ್ಚು. ನಿಮ್ಮ ಕಣ್ಣಿಗೆ, ನಿಮ್ಮ ದೇಹಸ್ಥಿತಿಗೆ ಸಂಬಂಧಿಸಿದ ತೀರ್ಮಾನಗಳನ್ನು ನಿಮ್ಮ ವೈದ್ಯರೇ ಮಾಡಬೇಕು.

ಎಚ್ಚರವಾಗಿಟ್ಟುಕೊಂಡೇ ಏಕೆ ಮಾಡುತ್ತಾರೆ? ಪೂರ್ತಿ ನಿದ್ದೆ ಬರಿಸಬಾರದೇ?

ಪೊರೆ ಬರುವುದು ಹೆಚ್ಚಾಗಿ ವಯಸ್ಸಾದವರಿಗೆ, ಅವರಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಹೃದಯದ ತೊಂದರೆಯೋ ಇರುತ್ತದೆ. ಪೂರ್ಣ ಅರಿವಳಿಕೆ ಕೊಟ್ಟರೆ ಉಸಿರಾಟವನ್ನೂ ಹೃದಯವನ್ನೂ ಇಡೀ ಹೊತ್ತು ಬೇರೆಯವರು ನೋಡಿಕೊಳ್ಳಬೇಕಾಗುತ್ತದೆ, ಚೇತರಿಸಿಕೊಳ್ಳಲು ಸಮಯವೂ ಹಿಡಿಯುತ್ತದೆ. ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಮುಗಿಯುವ, ಕಣ್ಣಿನಷ್ಟು ಸಣ್ಣ ಜಾಗದ ಕೆಲಸಕ್ಕೆ ಇಡೀ ದೇಹವನ್ನು ಮಲಗಿಸುವ ಅಗತ್ಯ ಬೀಳುವುದಿಲ್ಲ. ಹಾಗೆಂದು ಆ ದಾರಿ ಮುಚ್ಚಿಲ್ಲ. ಮಕ್ಕಳಿಗೆ, ಮರೆವಿನ ಕಾಯಿಲೆಯಿಂದಾಗಿ ಹೇಳಿದ್ದು ಅರ್ಥವಾಗದ ಹಿರಿಯರಿಗೆ, ತಲೆ ಅಲುಗಾಡುವುದನ್ನು ತಡೆಯಲಾರದವರಿಗೆ, ಅಪರೂಪವಾಗಿ ಭಯವನ್ನು ಯಾವ ರೀತಿಯಿಂದಲೂ ಹಿಡಿತಕ್ಕೆ ತಂದುಕೊಳ್ಳಲಾಗದವರಿಗೆ ಪೂರ್ಣ ಅರಿವಳಿಕೆಯಲ್ಲೇ ಮಾಡುತ್ತಾರೆ.

ಕಣ್ಣಿಗೆ ಸ್ಥಳೀಯ ಅರಿವಳಿಕೆ ಬಂದದ್ದು 1884ರಲ್ಲಿ, ವಿಯೆನ್ನಾದ ಕಾರ್ಲ್ ಕೊಲ್ಲರ್ ಎಂಬ ವೈದ್ಯರಿಂದ. ಅದಕ್ಕೂ ಮೊದಲು ರೋಗಿಯನ್ನು ಬಲವಾಗಿ ಹಿಡಿದುಕೊಂಡೇ ಕಣ್ಣಿಗೆ ಕೈ ಹಾಕುತ್ತಿದ್ದರು. ನಮ್ಮ ಕಡೆ ಹಿರಿಯರು ಹೇಳುವ ಕಥೆಗಳು ಅಷ್ಟು ಹಳೆಯವಲ್ಲದಿದ್ದರೂ, ಇಂದಿನ ವಿಧಾನಕ್ಕೆ ಸೇರಿದವೂ ಅಲ್ಲ. ತಲೆಯ ಎರಡೂ ಬದಿಗೆ ಮರಳಿನ ಚೀಲವಿಟ್ಟು ದಿನಗಟ್ಟಲೆ ಮಲಗಿಸಿದ್ದು, ಆಮೇಲೆ ಸೋಡಾ ಬುಡ್ಡಿಯಂಥ ಕನ್ನಡಕ ಹಾಕಿಕೊಂಡದ್ದು, ಕಣ್ಣಿನ ವೈದ್ಯರಾದ ಡಾ. ಎಂ. ಸಿ. ಮೋದಿಯವರಂಥವರು ಊರೂರಿಗೆ ಬಂದು ನಡೆಸಿದ ಶಿಬಿರಗಳಲ್ಲಿ ಸಾಲಾಗಿ ಮಲಗಿದ್ದು, ಇವೆಲ್ಲ ನಿಜವಾಗಿ ನಡೆದವು. ಆ ಶಿಬಿರಗಳಿಂದ ಎಷ್ಟೋ ಮಂದಿಗೆ ಬೆಳಕು ಸಿಕ್ಕಿತು. ಆದರೆ ಅಜ್ಜನ ಅನುಭವವನ್ನು ನಿಮ್ಮ ನಾಳೆಯ ದಿನಕ್ಕೆ ಹೊಂದಿಸಿಕೊಂಡು ಹೆದರಬೇಡಿ. ಪೊರೆ ತೆಗೆದ ಕಣ್ಣಿನೊಳಗೆ ಕೃತಕ ಮಸೂರ ಇಡುವುದನ್ನು 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಆರಂಭಿಸಿದರು. ಶಬ್ದಾತೀತ ಕಂಪನದಿಂದ ಪೊರೆಯನ್ನು ಒಡೆದು ಹೀರುವ ಫೇಕೋ ವಿಧಾನವನ್ನು 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಮೊದಲು ಮಾಡಿದರು. ಈಗ ಫೇಕೋದಲ್ಲಿ ಹಾಕುವ ಮುಖ್ಯ ಗಾಯ ಮೂರು ಮಿಲಿಮೀಟರಿಗಿಂತಲೂ ಕಡಿಮೆ, ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ.

ಕಣ್ಣಿಗೇ ಇಂಜೆಕ್ಷನ್ ಚುಚ್ಚುತ್ತಾರಂತೆ, ನಿಜವೇ?

ಎಲ್ಲರಿಗೂ ಅಲ್ಲ. ಅನೇಕ ಕಡೆ ಬರಿಯ ಹನಿಗಳಲ್ಲೇ ಕಣ್ಣನ್ನು ಮರಗಟ್ಟಿಸುತ್ತಾರೆ. ಮೊದಲ ಹನಿ ಕ್ಷಣಕಾಲ ಉರಿಯುತ್ತದೆ, ಎರಡನೆಯದು ಅಷ್ಟಾಗಿ ಗೊತ್ತಾಗುವುದಿಲ್ಲ. ಇನ್ನು ಕೆಲವರಿಗೆ, ಮುಖ್ಯವಾಗಿ ಪೊರೆ ಗಟ್ಟಿಯಾಗಿದ್ದಾಗ ಅಥವಾ ಸ್ವಲ್ಪ ದೊಡ್ಡ ಗಾಯದ ಮೂಲಕ ತೆಗೆಯಬೇಕಾದಾಗ, ‘ಬ್ಲಾಕ್’ ಎಂದು ನಾವೆಲ್ಲ ಕರೆಯುವ ಇಂಜೆಕ್ಷನ್ ಕೊಡುತ್ತಾರೆ. ಅದು ಹೋಗುವುದು ಕಣ್ಣುಗುಡ್ಡೆಯ ಒಳಕ್ಕಲ್ಲ, ರೆಪ್ಪೆಯ ಬಳಿಯಿಂದ ಗುಡ್ಡೆಯ ಸುತ್ತಲಿನ ಜಾಗಕ್ಕೆ. ಚುಚ್ಚಿದ ನೋವು, ಆಮೇಲೆ ಒಂದು ಬಿಗಿತ ಇರುತ್ತದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಬಳಿಕ ಕೆಲವು ನಿಮಿಷ ಕಣ್ಣಿನ ಮೇಲೆ ಮೆತ್ತಗೆ ಒತ್ತಿಡುತ್ತಾರೆ, ರೆಪ್ಪೆ ಭಾರವಾಗಿ ತಾನಾಗಿಯೇ ಇಳಿಯುತ್ತದೆ. ಕೆಲವು ಗಂಟೆಗಳ ನಂತರ ಎಲ್ಲವೂ ಮೊದಲಿನಂತಾಗುತ್ತದೆ. ನಿಮಗೆ ಹನಿಯೋ ಬ್ಲಾಕೋ ಎಂಬುದನ್ನು ಹಿಂದಿನ ದಿನವೇ ಕೇಳಿ ತಿಳಿದುಕೊಳ್ಳಿ. ಹನಿ ಎಂದುಕೊಂಡು ಬಂದವರಿಗೆ ಸೂಜಿ ಎದುರಾದರೆ ಆಗುವ ಗಾಬರಿ, ಸೂಜಿಯ ನೋವಿಗಿಂತ ದೊಡ್ಡದು.

ಚಾಕು, ಸೂಜಿ ಕಣ್ಣಿನೆದುರು ಬರುವುದು ಕಾಣಿಸುತ್ತದೆಯೇ?

ಎಲ್ಲರೂ ಕೇಳುವ ಪ್ರಶ್ನೆಯಿದು. ಕೆಲವರು ಕೇಳಲಾರದೆ ಬರಿಯ ಕೈಯಿಂದ ಕಣ್ಣಿನತ್ತ ಚುಚ್ಚುವಂತೆ ತೋರಿಸುತ್ತಾರೆ. ಹರಿತವಾದ ಉಪಕರಣವೊಂದು ಸ್ಪಷ್ಟವಾಗಿ ನಿಮ್ಮತ್ತ ಬರುವುದನ್ನು ನೋಡುತ್ತಾ ಮಲಗಿರಬೇಕಾದ ಸ್ಥಿತಿ ಬರುವುದಿಲ್ಲ. ಅಷ್ಟು ಹತ್ತಿರದ ವಸ್ತುವಿನ ಮೇಲೆ ಕಣ್ಣು ನೆಲೆಯೂರುವುದಿಲ್ಲ, ಮೊದಲೇ ಹಾಕಿದ ಹನಿಗಳಿಂದ ಪಾಪೆ ಅಗಲವಾಗಿ ನೋಟ ಮಂಜಾಗಿರುತ್ತದೆ, ಅದರ ಮೇಲೆ ಸೂಕ್ಷ್ಮದರ್ಶಕದ ಬಲವಾದ ಬೆಳಕು ನೇರವಾಗಿ ಬೀಳುತ್ತಿರುತ್ತದೆ.

ಹಾಗಾದರೆ ಏನು ಕಾಣುತ್ತದೆ? ಮೊದಲು ಕಣ್ಣು ಕುಕ್ಕುವ ಬೆಳಕು. ಒಂದೆರಡು ನಿಮಿಷಗಳಲ್ಲಿ ಅದಕ್ಕೆ ಹೊಂದಿಕೊಳ್ಳುತ್ತೀರಿ. ಆಮೇಲೆ ಬೆಳಕು ಒಡೆದು ನೀರಿನಡಿಯಿಂದ ಸೂರ್ಯನನ್ನು ನೋಡಿದ ಹಾಗೆ ಅಲ್ಲಾಡುತ್ತದೆ. ಕೆಲವರಿಗೆ ನೀಲಿ, ಗುಲಾಬಿ, ಹಳದಿ ಬಣ್ಣಗಳು ಹರಿದಾಡುತ್ತವೆ, ಇನ್ನು ಕೆಲವರಿಗೆ ನೆರಳುಗಳು ಸುಳಿಯುತ್ತವೆ. ಪೊರೆ ಹೊರಬಂದ ಗಳಿಗೆಯಲ್ಲಿ ಎಲ್ಲವೂ ಒಮ್ಮೆ ತೀರಾ ಮಸುಕಾಗಬಹುದು ಅಥವಾ ಥಟ್ಟನೆ ಬೆಳಕು ಹೆಚ್ಚಬಹುದು. ಈ ಬದಲಾವಣೆ ಬರುವುದೆಂದು ಗೊತ್ತಿಲ್ಲದವರು ಅದನ್ನು ‘ಕಣ್ಣು ಹೋಯಿತು’ ಎಂದುಕೊಂಡು ಬೆಚ್ಚಿಬೀಳುತ್ತಾರೆ. ಬ್ಲಾಕ್ ಕೊಟ್ಟವರಲ್ಲಿ ಕೆಲವರಿಗೆ ಇದ್ಯಾವುದೂ ಕಾಣದೆ ಬರಿಯ ಕತ್ತಲೆ ಇರಬಹುದು, ಅದೂ ಮಾಮೂಲೇ. ಒಬ್ಬ ಅಜ್ಜಿ ಹೊರಬಂದು, ‘ತೇರಿನ ದಿನದ ಸಂಜೆ ಕಂಡಂಗಾಯ್ತವ್ವ’ ಎಂದಿದ್ದರು. ನಾನು ಅದನ್ನು ಬಹಳ ಜನಕ್ಕೆ ಹೇಳಿದ್ದೇನೆ.

ಕೇಳಿಸುವುದರ ಬಗ್ಗೆಯೂ ಹೇಳಬೇಕು. ನಾಡಿಬಡಿತಕ್ಕೆ ತಕ್ಕಂತೆ ಟಿಕ್ ಟಿಕ್ ಅನ್ನುವ ಸದ್ದು, ವೈದ್ಯರು ಕಾಲಿನಿಂದ ಪೆಡಲ್ ಒತ್ತಿದಾಗ ಏರಿಳಿಯುವ ಯಂತ್ರದ ಗುಂಯ್‌ಗುಡುವಿಕೆ, ಹೀರುವ ಸದ್ದು, ಟ್ರೇಯಲ್ಲಿ ಲೋಹ ತಾಗುವ ಶಬ್ದ. ಯಂತ್ರದ ಸ್ವರ ಏರಿತೆಂದರೆ ಏನೋ ಕೆಟ್ಟಿದೆ ಎಂದರ್ಥವಲ್ಲ, ಅದು ಕೆಲಸ ಮಾಡುತ್ತಿದೆ. ಕೆನ್ನೆಯ ಬದಿಯಲ್ಲಿ ತಣ್ಣನೆಯ ನೀರು ಇಳಿದಂತಾದರೆ ಅದು ಕಣ್ಣನ್ನು ತೊಳೆಯುವ ದ್ರಾವಣ. ಅದನ್ನು ರಕ್ತವೆಂದು ತಿಳಿದು ಹೆದರಿದವರು ಬಹಳ ಮಂದಿ.

ಗೊತ್ತಿಲ್ಲದೆ ಕಣ್ಣು ಮಿಟುಕಿಸಿಬಿಟ್ಟರೆ?

ಮಿಟುಕಿಸಲು ಆಗುವುದಿಲ್ಲ. ರೆಪ್ಪೆಗಳನ್ನು ಮೆತ್ತಗೆ ತೆರೆದಿಡುವ ತಂತಿಯಂಥ ಪುಟ್ಟ ಉಪಕರಣವಿದೆ, ಆ ಕೆಲಸ ಅದರದು. ಇನ್ನೊಂದು ಕಣ್ಣನ್ನು ಬಟ್ಟೆಯ ಅಡಿಯಲ್ಲಿ ನೀವು ಮುಚ್ಚಿಕೊಂಡರೂ ತೆರೆದಿಟ್ಟರೂ ನಡೆಯುತ್ತದೆ, ಆದರೆ ಬಿಗಿಯಾಗಿ ಹಿಂಡಿ ಮುಚ್ಚಬಾರದು. ಕಣ್ಣು ಸ್ವಲ್ಪ ಹೊರಳಿದರೆ ವೈದ್ಯರು ‘ಬೆಳಕು ನೋಡಿ’ ಎನ್ನುತ್ತಾರೆ, ನೋಡಿದರೆ ಸಾಕು. ‘ನನ್ನ ಒಂದು ತಪ್ಪಿನಿಂದ ಕಣ್ಣು ಹಾಳಾದರೆ’ ಎಂಬ ಭಾರವನ್ನು ಹೊತ್ತುಕೊಂಡು ಒಳಗೆ ಹೋಗಬೇಡಿ. ಕಣ್ಣನ್ನು ಕಾಯುವ ಹೊಣೆ ಅಲ್ಲಿರುವವರದು. ನಿಮ್ಮ ಪಾಲಿಗಿರುವುದು ತಲೆ ಆಡಿಸದಿರುವುದು ಮತ್ತು ಕೈಯನ್ನು ಮುಖದತ್ತ ತರದಿರುವುದು, ಇವೆರಡೇ.

ಮುಖದ ಮೇಲೆ ಬಟ್ಟೆ ಹಾಕುತ್ತಾರಂತೆ. ನನಗೆ ಉಸಿರು ಕಟ್ಟುತ್ತದೆ. ಏನು ಮಾಡಲಿ?

ಸೂಜಿಗೆ ಹೆದರದವರೂ ಈ ಬಟ್ಟೆಗೆ ಹೆದರುತ್ತಾರೆ. ಲಿಫ್ಟಿನಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಎಂ.ಆರ್.ಐ. ಯಂತ್ರದಲ್ಲಿ ಚಡಪಡಿಸುವವರಿಗಂತೂ ಇದೇ ಮುಖ್ಯ ಕಷ್ಟ. ಕ್ರಿಮಿಗಳು ಕಣ್ಣಿಗೆ ಸೇರದಂತೆ ಮುಖವನ್ನೆಲ್ಲ ಮುಚ್ಚಿ, ಆ ಒಂದು ಕಣ್ಣನ್ನು ಮಾತ್ರ ಬಿಡುವ ಶುದ್ಧ ಹೊದಿಕೆಯಿದು. ಅದರ ಅಡಿಯಲ್ಲಿ ಗಾಳಿ ಆಡುತ್ತದೆ. ಹೆಚ್ಚಿನ ಕಡೆ ಸಣ್ಣ ನಳಿಗೆಯಿಂದ ಆಮ್ಲಜನಕವನ್ನೂ ಬಿಡುತ್ತಾರೆ, ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪು ರಕ್ತದಲ್ಲಿನ ಆಮ್ಲಜನಕದ ಮಟ್ಟವನ್ನು ತೋರಿಸುತ್ತಲೇ ಇರುತ್ತದೆ. ಆದರೆ ‘ಗಾಳಿ ಇದೆ’ ಎಂದು ತಿಳಿಯುವುದು ಬೇರೆ, ಎದೆಗೆ ಹಾಗೆ ಅನ್ನಿಸುವುದು ಬೇರೆ. ಅನ್ನಿಸಬೇಕಾದರೆ ಅಭ್ಯಾಸ ಬೇಕು.

ಒಂದು ವಾರ ಮೊದಲೇ ಮನೆಯಲ್ಲಿ ತೊಡಗಿ. ಅಂಗಾತ ಮಲಗಿ, ತೆಳುವಾದ ದಿಂಬಿಟ್ಟುಕೊಂಡು, ಕೈಗಳನ್ನು ಪಕ್ಕಕ್ಕೆ ಚಾಚಿ ಅಲುಗಾಡದೆ ಐದು ನಿಮಿಷ ಇರಿ. ಮರುದಿನ ಹತ್ತು ನಿಮಿಷ, ಆಮೇಲೆ ಇಪ್ಪತ್ತು. ಮೂರನೆಯ ದಿನದಿಂದ ಮನೆಯವರೊಬ್ಬರು ಪಕ್ಕದಲ್ಲಿ ಕೂತು ಹಳೆಯ ಹತ್ತಿ ಸೀರೆಯ ಸೆರಗನ್ನು ನಿಮ್ಮ ಮುಖದಿಂದ ಒಂದು ಗೇಣು ಮೇಲೆ ಚಪ್ಪರದ ಹಾಗೆ ಹಿಡಿಯಲಿ. ನೀವು ‘ಸಾಕು’ ಎಂದ ಕೂಡಲೇ ಎತ್ತಬೇಕು. ಹಾಗೆ ಎತ್ತುತ್ತಾರೆ ಎಂಬ ನಂಬಿಕೆಯೇ ಈ ಅಭ್ಯಾಸದ ತಿರುಳು. ಅಂಗಾತ ಮಲಗಿದರೆ ಉಸಿರು ಬಾರದ ಹೃದಯದ ಅಥವಾ ಶ್ವಾಸಕೋಶದ ತೊಂದರೆಯಿದ್ದರೆ ಈ ಅಭ್ಯಾಸ ಮಾಡಬೇಡಿ. ವೈದ್ಯರಿಗೆ ಮೊದಲೇ ತಿಳಿಸಿ, ತಲೆಯ ಭಾಗವನ್ನು ಎತ್ತರಿಸಿ ಮಾಡಲು ಸಾಧ್ಯವೇ ಎಂದು ಅವರು ನೋಡುತ್ತಾರೆ.

ಮಲಗಿರುವಾಗ ಉಸಿರನ್ನು ಹೀಗೆ ಆಡಿ: ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ನಿಧಾನವಾಗಿ ಹೊರಕ್ಕೆ. ಗಾಬರಿಯಾದಾಗ ಎಲ್ಲರೂ ಒಳಕ್ಕೆ ಎಳೆಯಲು ಹೆಣಗುತ್ತಾರೆ, ಸಮಾಧಾನ ಸಿಗುವುದು ಉದ್ದಕ್ಕೆ ಹೊರಬಿಟ್ಟಾಗ. ಎಣಿಕೆ ಒಗ್ಗದವರು ರಾಮನಾಮವನ್ನೋ ಪಾಠವಿರುವ ವಚನವನ್ನೋ ದುವಾವನ್ನೋ ಮನಸ್ಸಿನಲ್ಲೇ ಹೇಳಿಕೊಳ್ಳಬಹುದು. ತಲೆದೂಗುವ ಅಭ್ಯಾಸವಿದ್ದರೆ ಮಾತ್ರ ಮನೆಯಲ್ಲೇ ಅದನ್ನು ಗಮನಿಸಿ ಬಿಡಿಸಿಕೊಳ್ಳಿ.

ಇನ್ನು, ಕೈ ಹಿಡಿದುಕೊಳ್ಳಲು ಯಾರಾದರೂ ಇರುತ್ತಾರೆಯೇ ಎಂದು ನಾಚದೆ ಕೇಳಿ. ಕೈ ಹಿಡಿದರೆ ರೋಗಿಯ ಆತಂಕ ಇಳಿಯುತ್ತದೆಂದು ಪೊರೆಯ ಶಸ್ತ್ರಚಿಕಿತ್ಸೆಯ ಬಗೆಗಿನ ಅಧ್ಯಯನಗಳಲ್ಲೇ ಕಂಡುಬಂದಿದೆ. ಹೊಲದ ಕೆಲಸದಿಂದ ಕಾಯಿಕಟ್ಟಿದ್ದ ಒಂದು ಅಂಗೈ ಮೊದಲ ಎರಡು ನಿಮಿಷ ನನ್ನ ಬೆರಳುಗಳನ್ನು ಇಕ್ಕಳದಂತೆ ಹಿಡಿದಿತ್ತು. ಐದನೆಯ ನಿಮಿಷಕ್ಕೆ ಹಿಡಿತ ಸಡಿಲವಾಯಿತು, ಕೊನೆಗೆ ಬರಿಯ ತೋರುಬೆರಳೊಂದು ನನ್ನ ಕೈಯ ಮೇಲೆ ಸುಮ್ಮನೆ ಇತ್ತು. ಭಯ ಇಳಿಯುವುದನ್ನು ಅಷ್ಟು ಹತ್ತಿರದಿಂದ ಕೈಯಲ್ಲೇ ತಿಳಿದದ್ದು ನನಗೆ ಇನ್ನೂ ನೆನಪಿದೆ.

ನಡುವೆ ಕೆಮ್ಮು ಬಂದರೆ, ಸೀನು ಬಂದರೆ, ನೋವಾದರೆ?

ಬಾಯಿಬಿಟ್ಟು ಹೇಳಿ: ‘ಡಾಕ್ಟ್ರೇ, ಕೆಮ್ಮು ಬರ್ತಿದೆ.’ ಅವರು ಕೆಲವೇ ಸೆಕೆಂಡುಗಳಲ್ಲಿ ಉಪಕರಣವನ್ನು ಹೊರತೆಗೆದು ‘ಈಗ ಕೆಮ್ಮಿ’ ಎನ್ನುತ್ತಾರೆ. ತಡೆದುಕೊಂಡು ತಡೆದುಕೊಂಡು ಕೊನೆಗೆ ಒಮ್ಮೆಲೇ ಕೆಮ್ಮುವುದೇ ಅಪಾಯ. ನೋವಿಗೂ ಇದೇ ಮಾತು. ಒತ್ತಿದಂತೆ, ಎಳೆದಂತೆ ಅನ್ನಿಸುವುದು ಸಹಜ, ಆದರೆ ಚುಚ್ಚುವ ನೋವಿದ್ದರೆ ಸಹಿಸಿಕೊಂಡು ಮಲಗಬೇಕಾಗಿಲ್ಲ, ಅರಿವಳಿಕೆಯನ್ನು ಇನ್ನಷ್ಟು ಕೊಡಬಹುದು. ನೆಗಡಿ ಕೆಮ್ಮು ಜೋರಾಗಿದ್ದರೆ ದಿನ ಮುಂದೂಡುವುದೇ ಲೇಸು. ಒಳಗೆ ಹೋಗುವ ಮುನ್ನ ಮೂತ್ರಕ್ಕೆ ಹೋಗಿ ಬನ್ನಿ.

ಭಯದಿಂದ ಬಿ.ಪಿ. ಏರಿ ಆಪರೇಷನ್ ನಿಂತುಹೋಗುತ್ತದೆಯೇ?

ತೀರಾ ಏರಿದರೆ ಮುಂದೂಡುತ್ತಾರೆ. ಸ್ವಲ್ಪ ಏರುವುದು ಎಲ್ಲರಿಗೂ ಇದ್ದದ್ದೇ. ಬಿ.ಪಿ. ಮಾತ್ರೆಯನ್ನು ‘ಇವತ್ತು ಆಪರೇಷನ್ ಇದೆ’ ಎಂದು ತಾವಾಗಿಯೇ ಬಿಟ್ಟು ಬರುವವರಿಂದಲೇ ಈ ತೊಂದರೆ ಹೆಚ್ಚು. ಯಾವ ಮಾತ್ರೆ ತೆಗೆದುಕೊಳ್ಳಬೇಕು, ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಏನು ಮಾಡಬೇಕು, ತಿಂಡಿ ತಿನ್ನಬಹುದೇ ಎಂಬುದನ್ನೆಲ್ಲ ಬರೆಸಿಕೊಳ್ಳಿ. ಬರಿಯ ಹನಿಗಳಲ್ಲಿ ಮಾಡುವಾಗ ಅನೇಕ ಕಡೆ ಲಘು ಉಪಾಹಾರಕ್ಕೆ ಅಡ್ಡಿಯಿಲ್ಲ, ಮಂಪರಿನ ಔಷಧ ಕೊಡುವುದಾದರೆ ಹೊಟ್ಟೆ ಖಾಲಿ ಇರಬೇಕು. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಕೇಳದೆ ನಿಲ್ಲಿಸಬಾರದು. ಪ್ರಾಸ್ಟೇಟ್ ತೊಂದರೆಗೆ ಟಾಮ್ಸುಲೋಸಿನ್ ಮಾತ್ರೆ ತೆಗೆದುಕೊಳ್ಳುವ, ಅಥವಾ ಹಿಂದೆಂದೋ ತೆಗೆದುಕೊಂಡಿದ್ದ ಗಂಡಸರು ಅದನ್ನು ಹೇಳಲೇಬೇಕು. ಆ ಔಷಧದಿಂದ ಶಸ್ತ್ರಚಿಕಿತ್ಸೆಯ ವೇಳೆ ಪಾಪೆಯ ಪರದೆ ಸಡಿಲಗೊಳ್ಳಬಹುದು, ಮೊದಲೇ ಗೊತ್ತಿದ್ದರೆ ವೈದ್ಯರು ಅದಕ್ಕೆ ಸಿದ್ಧರಾಗಿರುತ್ತಾರೆ.

ಹೆದರಿಕೆಗೆ ಮನೆಯಲ್ಲೇ ಒಂದು ನಿದ್ದೆ ಮಾತ್ರೆ ನುಂಗಿ ಬರಬಹುದೇ?

ಬೇಡ. ಅರೆನಿದ್ದೆಗೆ ಜಾರಿದವರು ನಡುವೆ ಎಚ್ಚೆತ್ತು, ತಾನೆಲ್ಲಿದ್ದೇನೆಂದು ತಿಳಿಯದೆ ತಲೆ ಎತ್ತಿಬಿಡುತ್ತಾರೆ. ಮಂಪರು ಬೇಕೆನಿಸಿದರೆ ಅರಿವಳಿಕೆ ತಜ್ಞರು ರಕ್ತನಾಳದ ಮೂಲಕ ಅಳತೆಯಲ್ಲಿ ಕೊಡುತ್ತಾರೆ, ಉಸಿರಾಟವನ್ನೂ ನೋಡಿಕೊಳ್ಳುತ್ತಾರೆ. ಅದಕ್ಕಾಗಿ ‘ನನಗೆ ತುಂಬಾ ಭಯವಿದೆ’ ಎಂಬ ಮಾತನ್ನು ತಪಾಸಣೆಯ ದಿನವೇ ಹೇಳಬೇಕು, ಮೇಜಿನ ಮೇಲೆ ಮಲಗಿದ ಮೇಲಲ್ಲ. ಅಲರ್ಜಿ ಇದೆ, ಸಕ್ಕರೆ ಇದೆ ಎಂದು ಹೇಳಿದಷ್ಟೇ ಸಹಜವಾಗಿ ಹೇಳಿ. ಹಿಂದೆ ಹಲ್ಲು ಕೀಳಿಸುವಾಗಲೋ ರಕ್ತ ಕೊಡುವಾಗಲೋ ತಲೆಸುತ್ತಿ ಬಿದ್ದಿದ್ದರೆ ಅದನ್ನೂ ಸೇರಿಸಿ ಹೇಳಿ.

ತಾಳಿ, ಬಳೆ, ಕುಂಕುಮ ತೆಗೆಯಲೇಬೇಕೇ?

ಈ ಪ್ರಶ್ನೆಯನ್ನು ಸಣ್ಣದೆಂದು ತಳ್ಳಿಹಾಕುವವರನ್ನು ಕಂಡಿದ್ದೇನೆ. ಅದು ತಪ್ಪು. ಮದುವೆಯಾದಂದಿನಿಂದ ಕತ್ತಿನಿಂದ ಇಳಿಯದ ತಾಳಿಯನ್ನು ಥಿಯೇಟರಿನ ಬಾಗಿಲಲ್ಲಿ ಒಮ್ಮೆಲೇ ತೆಗೆಯಿರಿ ಎಂದರೆ ಆ ಹೆಣ್ಣುಮಗಳಿಗೆ ಕಣ್ಣಿನ ಭಯದ ಜೊತೆಗೆ ಇನ್ನೊಂದು ಭಯ ಸೇರುತ್ತದೆ. ನಿಯಮ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಕೆಲವು ಕಡೆ ತಾಳಿಗೆ ಹತ್ತಿ ಸುತ್ತಿ ಪ್ಲಾಸ್ಟರ್ ಅಂಟಿಸಲು ಒಪ್ಪುತ್ತಾರೆ, ಕೆಲವು ಕಡೆ ಅರಿಸಿನದ ದಾರಕ್ಕೆ ಬದಲಿಸಿಕೊಂಡು ಬರಲು ಹೇಳುತ್ತಾರೆ. ಹಿಂದಿನ ದಿನವೇ ಕೇಳಿ, ಮನೆಯಲ್ಲೇ ಸಾವಧಾನವಾಗಿ ಮಾಡಿಕೊಂಡು ಬನ್ನಿ. ಹಣೆಯ ಕುಂಕುಮ, ಕಾಡಿಗೆ, ತಲೆಯ ಎಣ್ಣೆ ಮಾತ್ರ ಬೇಡವೇ ಬೇಡ, ಅವುಗಳ ಪುಡಿಯೋ ಜಿಡ್ಡೋ ಕಣ್ಣಿಗೆ ಸೇರಬಾರದು. ಹಿಂದಿನ ದಿನ ತಲೆಗೆ ಸ್ನಾನ ಮಾಡಿಬಿಡಿ.

ಮತ್ತೆ ಮತ್ತೆ ಹೆಸರು ಕೇಳುತ್ತಾರೆ, ಯಾವ ಕಣ್ಣು ಎಂದು ಕೇಳುತ್ತಾರೆ. ಅವರಿಗೇ ಗೊತ್ತಿಲ್ಲವೇ?

ಗೊತ್ತಿದೆ. ತಪ್ಪು ಕಣ್ಣಿಗೆ ಕೈ ಹಾಕಬಾರದೆಂದೇ ಹಂತ ಹಂತದಲ್ಲೂ ಕೇಳುತ್ತಾರೆ, ಹುಬ್ಬಿನ ಮೇಲೆ ಗುರುತನ್ನೂ ಹಾಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಯ ಸುರಕ್ಷತೆಗೆಂದು ತಂದ ಪರಿಶೀಲನಾ ಪಟ್ಟಿಯಲ್ಲೂ ಇದು ಸೇರಿದೆ. ಎಷ್ಟು ಸಲ ಕೇಳಿದರೂ ಅಷ್ಟೂ ಸಲ ಉತ್ತರಿಸಿ.

ನಮ್ಮ ತಾಯಿ ತುಂಬಾ ಹೆದರುತ್ತಾರೆ. ಮಕ್ಕಳಾದ ನಾವು ಏನು ಹೇಳಬೇಕು?

‘ಸುಮ್ಮನೆ ಚೆಕಪ್ ಅಷ್ಟೇ’ ಎಂದು ಹೇಳಿ ಕರೆತಂದು, ಹಸಿರು ಗೌನು ತೊಡಿಸುವ ಹೊತ್ತಿಗೆ ನಿಜ ಹೇಳುವ ಮಕ್ಕಳಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತನ್ನ ಕಣ್ಣಿಗೆ ಏನಾಗುತ್ತದೆಂದು ತಿಳಿಯುವ ಹಕ್ಕು ಅವರದು, ಒಪ್ಪಿಗೆಪತ್ರಕ್ಕೆ ಹೆಬ್ಬೆಟ್ಟೊತ್ತಿಸುವಾಗಲೂ ಅದನ್ನು ಓದಿ ಹೇಳಬೇಕು. ‘ಏನೂ ಆಗಲ್ಲಮ್ಮ, ಹೆದರಬೇಡ’ ಎಂಬ ಮಾತು ಪ್ರೀತಿಯಿಂದಲೇ ಬಂದರೂ, ಅದರಿಂದ ಅವರ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅದರ ಬದಲು ‘ಯಾವುದನ್ನು ನೆನೆಸಿಕೊಂಡರೆ ಭಯ ಅಮ್ಮ?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಕೆಲವರಿಗೆ ಬಟ್ಟೆಯ ಭಯ, ಕೆಲವರಿಗೆ ಖರ್ಚಿನದು, ಇನ್ನು ಕೆಲವರಿಗೆ ಒಂದು ತಿಂಗಳು ಸೊಸೆಗೆ ಹೊರೆಯಾಗುತ್ತೇನೆಂಬ ಅಳುಕು. ಒಂದೊಂದಕ್ಕೂ ಬೇರೆ ಬೇರೆ ಉತ್ತರ ಬೇಕು.

ಹನಿ ಹಾಕಿಸಿಕೊಂಡು ಬೆಂಚಿನ ಮೇಲೆ ಕಾಯುವ ಹೊತ್ತೇ ಅತಿ ಕಷ್ಟದ್ದು. ಪಾಪೆ ಅಗಲವಾಗುವವರೆಗೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಹನಿ ಬೀಳುತ್ತದೆ, ಕಣ್ಣು ಮಂಜಾಗಿರುತ್ತದೆ, ಮುಂದಿನವರನ್ನು ಕರೆದಾಗಲೆಲ್ಲ ಎದೆ ಹಾರುತ್ತದೆ. ಆಗ ಪಕ್ಕದಲ್ಲಿ ಕೂತು ಮೊಮ್ಮಗಳ ವಿಷಯವನ್ನೋ ತೋಟದ ವಿಷಯವನ್ನೋ ಮಾತಾಡುತ್ತಿರಿ. ಕಿವಿ ಮಂದವಿದ್ದರೆ ಶ್ರವಣಯಂತ್ರವನ್ನು ಒಳಗೆ ಬಿಡುತ್ತಾರೆಯೇ ಎಂದು ಕೇಳಿ.

ವೈದ್ಯರ ಭಾಷೆ ನಮ್ಮವರಿಗೆ ಬರುವುದಿಲ್ಲವಾದರೆ?

ಮಕ್ಕಳ ಜೊತೆ ಪುಣೆಯಲ್ಲೋ ಚೆನ್ನೈಯಲ್ಲೋ ವಿದೇಶದಲ್ಲೋ ಇರುವ ಹಿರಿಯರಿಗೂ, ಕನ್ನಡಕ್ಕಿಂತ ತುಳು, ಕೊಂಕಣಿ, ಲಂಬಾಣಿ, ಉರ್ದು ಹತ್ತಿರವಾಗಿರುವ ಇಲ್ಲಿನವರಿಗೂ ಇದು ನಿಜವಾದ ಪ್ರಶ್ನೆ. ಒಳಗೆ ಬೇಕಾಗುವುದು ನಾಲ್ಕೈದು ಮಾತು: ಬೆಳಕು ನೋಡಿ, ಕೆಳಗೆ ನೋಡಿ, ಅಲ್ಲಾಡಬೇಡಿ, ಆಯಿತು, ಮುಗಿಯಿತು. ಅವನ್ನು ವೈದ್ಯರ ಭಾಷೆಯಲ್ಲಿ ಕೇಳಿಸಿ ಮನೆಯಲ್ಲೇ ರೂಢಿ ಮಾಡಿಸಿ. ರೋಗಿಯ ಕಡೆಯಿಂದ ‘ನೋವು’, ‘ಕೆಮ್ಮು’ ಎಂಬ ಎರಡು ಪದಗಳು ಏನೆಂದು ವೈದ್ಯರಿಗೂ ಬರೆದುಕೊಡಿ. ದುಭಾಷಿಯ ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಮೊದಲೇ ಕೇಳಿಕೊಳ್ಳಬೇಕು.

ಪೊರೆ ಇನ್ನೂ ಬಲಿಯಲಿ, ಆಷಾಢ ಕಳೆಯಲಿ, ಚಳಿಗಾಲ ಬರಲಿ ಎಂದು ಕಾಯಬಹುದೇ?

ಬಲಿಯಲೇಬೇಕೆಂಬುದು ಹಳೆಯ ವಿಧಾನದ ಕಾಲದ ಮಾತು. ಈಗ ತೀರಾ ಬಲಿತು ಗಟ್ಟಿಯಾದ ಪೊರೆಯೇ ಕಷ್ಟದ್ದು, ಅದನ್ನು ತೆಗೆಯಲು ಹೊತ್ತೂ ಹೆಚ್ಚು ಬೇಕು. ಶುದ್ಧವಾದ ಥಿಯೇಟರಿಗೆ ಬೇಸಿಗೆ, ಮಳೆಗಾಲ ಎಂಬ ಭೇದವಿಲ್ಲ. ದಿನ ನೋಡಿಕೊಂಡು ಬಂದರೆ ಮನಸ್ಸಿಗೆ ಸಮಾಧಾನ ಎನ್ನುವವರು ಅವಶ್ಯವಾಗಿ ನೋಡಿಕೊಳ್ಳಲಿ, ಆದರೆ ಒಂದಾದ ಮೇಲೊಂದು ಹಬ್ಬದ ನೆಪ ಬರುತ್ತಿದ್ದರೆ ಅದರ ಹಿಂದೆ ಭಯವಿದೆಯೇ ಎಂದು ಮನೆಯವರು ಮೆಲ್ಲಗೆ ವಿಚಾರಿಸಬೇಕು. ಕಾಣದ ಕಣ್ಣಿನಿಂದ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಬಂದವರನ್ನು ನೋಡಿದ ಮೇಲೆ ನನಗೆ ಈ ಮುಂದೂಡಿಕೆಯ ಬಗ್ಗೆ ಮೃದುವಾಗಿ ಮಾತಾಡಲು ಆಗುವುದಿಲ್ಲ.

ಅಪಾಯವೇ ಇಲ್ಲವೇ?

ಇದೆ, ಆದರೆ ವಿರಳ. ಮಸೂರವನ್ನು ಹಿಡಿದಿಡುವ ತೆಳು ಚೀಲ ಹರಿಯಬಹುದು, ಕಣ್ಣಿನೊಳಗೆ ಸೋಂಕಾಗಬಹುದು. ನಿಮ್ಮ ಕಣ್ಣಿನ ಸ್ಥಿತಿಗೆ ತಕ್ಕಂತೆ ಈ ಸಾಧ್ಯತೆ ಎಷ್ಟು ಎಂದು ನೇರವಾಗಿ ಕೇಳಿ. ಆಪರೇಷನ್ ಆದ ಮೇಲೆ ಒಂದೆರಡು ದಿನ ಮರಳು ಬಿದ್ದಂತೆ ಕಿರಿಕಿರಿ, ನೀರು ಸೋರುವುದು, ಬಿಳಿ ಬಣ್ಣ ನೀಲಿ ಬೆರೆತಂತೆ ಕಾಣುವುದು ಸಹಜ. ನೋವು ಹೆಚ್ಚುತ್ತಾ ಹೋದರೆ, ಕೆಂಪು ಏರಿದರೆ, ಕಂಡದ್ದು ಮತ್ತೆ ಮಂಜಾದರೆ, ಮಿಂಚು ಹೊಡೆದಂತೆ ಕಂಡರೆ ಬೆಳಗಾಗಲಿ ಎಂದು ಕಾಯದೆ ಅಂದೇ ಆಸ್ಪತ್ರೆಗೆ ಬರಬೇಕು.

ಮೊದಲ ಕಣ್ಣು ಸುಲಭವಾಗಿ ಆಯಿತು. ಎರಡನೆಯದಕ್ಕೆ ಭಯ ಬೇಡ ಅಲ್ಲವೇ?

ಎರಡನೆಯ ಸಲ ‘ಆಗ ಹೀಗಿರಲಿಲ್ಲ, ಈಗ ಹೆಚ್ಚು ನೋಯುತ್ತಿದೆ’ ಎಂದು ಹೇಳುವವರು ಅನೇಕರು, ಅಧ್ಯಯನಗಳಲ್ಲೂ ಇದು ದಾಖಲಾಗಿದೆ. ಮೊದಲ ಸಲ ಇಡೀ ಮನಸ್ಸು ಭಯದಲ್ಲೇ ಮುಳುಗಿರುವುದರಿಂದ ಸಣ್ಣಪುಟ್ಟ ಒತ್ತಡ, ಉರಿ ಗಮನಕ್ಕೆ ಬಂದಿರುವುದಿಲ್ಲ, ಎರಡನೆಯ ಸಲ ನಿರಾಳವಾಗಿ ಮಲಗಿದವರಿಗೆ ಅವು ಚೆನ್ನಾಗಿ ತಿಳಿಯುತ್ತವೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಆದ್ದರಿಂದ ವ್ಯತ್ಯಾಸ ಕಂಡರೆ ಏನೋ ತಪ್ಪಾಗಿದೆ ಎಂದುಕೊಳ್ಳಬೇಡಿ, ನೋವಿದ್ದರೆ ಹೇಳಿ, ಇನ್ನೊಂದೆರಡು ಹನಿ ಹಾಕುತ್ತಾರೆ. ಮೊದಲ ಸಲ ನಿಮ್ಮ ಕೈ ಹಿಡಿದವರು ಅಂದು ಕೆಲಸದಲ್ಲಿದ್ದರೆ ಅವರೇ ಬೇಕೆಂದು ಕೇಳಿ. ನನ್ನನ್ನು ಹಾಗೆ ಹೆಸರು ಹಿಡಿದು ಕೇಳಿದಾಗಲೆಲ್ಲ ನಾನು ಬೇರೆ ಕೆಲಸ ಬಿಟ್ಟು ಹೋಗಿದ್ದೇನೆ.